ಸದಾಶಿವಪ್ಪನವರು ಸಾರನ್ನು ಹೊಗಳಿದ್ದು

ಕೊಳ್ಳೇಗಾಲದ ಹಿಟ್ಟಿನ ಮಿಲ್ಲಿನ ಸದಾಶಿವಪ್ಪನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅವರ ಮಾತು ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಊರು ಇನ್ನೂ ಮದರಾಸಿನವರ ಕೈಯಲ್ಲಿದ್ದ ಕಾಲದಲ್ಲಿ ಕೊಯಮತ್ತೂರಿನಿಂದ ತರಿಸಿದ ಆಯಿಲ್ ಇಂಜಿನ್ನು ಅವರದು. ಅದರ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಊರಿನ ರಾಗಿಯನ್ನೆಲ್ಲ ಬೀಸಿಸಿದವರು. ಇಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ, ಮಿಲ್ಲು ನಿಂತ ಮೇಲೂ ಅವರ ಗಂಟಲು ಇಳಿಯುತ್ತಿರಲಿಲ್ಲ. ಮನೆಯಲ್ಲಿ ಅವರು ಕುಡಿಯಲು ನೀರು ಕೇಳಿದರೆ ಎದುರು ಮನೆಯ ರಾಮಮ್ಮ ತನ್ನ ಚೊಂಬಿಗೆ ಕೈಹಾಕುತ್ತಿದ್ದಳು.

ಗಂಟಲಿನದು ಒಂದು ತೊಂದರೆಯಾದರೆ ಕಣ್ಣಿನದು ಇನ್ನೊಂದು. ಅವರ ಕಣ್ಣು ಯಾವುದರ ಮೇಲೆ ಬಿದ್ದರೂ ಮೊದಲು ಅದರ ಕೊರತೆಯ ಮೇಲೆ ಹೋಗಿ ಕೂರುತ್ತಿತ್ತು. ಮದುವೆಗೆ ಹೋದರೆ ಚಪ್ಪರದ ಓರೆ ಕಂಬ ಕಾಣುತ್ತಿತ್ತು. ನಾಮಕರಣಕ್ಕೆ ಹೋದರೆ ಮಗುವಿನ ಸುರಿಯುವ ಮೂಗು. ಕಂಡದ್ದನ್ನು ಹೇಳದೆ ಬರುವುದು ಅಪ್ರಾಮಾಣಿಕತೆ ಎಂದು ಅವರು ತಿಳಿದಿದ್ದರು. ಇನ್ನು ಹೊಗಳಿಕೆಯ ಮಾತು. ಅವರ ತಂದೆ ಜೀವಮಾನದಲ್ಲಿ ಹೊಗಳಿದ್ದು ಒಂದೇ ಒಂದು ಎತ್ತನ್ನು. ಮಾರನೆಯ ವಾರವೇ ಅದು ಕುಂಟಿತು. ಅಂದಿನಿಂದ ಆ ವಂಶದಲ್ಲಿ ಯಾರೂ ಯಾರನ್ನೂ ಹೊಗಳುವ ಸಾಹಸಕ್ಕೆ ಇಳಿದಿರಲಿಲ್ಲ.

ಸದಾಶಿವಪ್ಪನವರಿಗೆ ಒಬ್ಬನೇ ಮಗ, ಪುಟ್ಟಮಾದಪ್ಪ. ಮಾತು ಕಡಿಮೆ, ಕೈ ಚುರುಕು. ಒಂದು ಸುಗ್ಗಿಯಲ್ಲಿ, ಊರಿನ ರಾಗಿ ಮೂಟೆಗಳೆಲ್ಲ ಮಿಲ್ಲಿನ ಬಾಗಿಲಲ್ಲಿ ಸಾಲುಗಟ್ಟಿದ್ದಾಗ ಇಂಜಿನ್ನು ಕೆಟ್ಟು ನಿಂತಿತು. ಮೈಸೂರಿನ ಮೆಕ್ಯಾನಿಕ್ಕು ಬಂದು ನೋಡಿ, ಇದರ ಆಯಸ್ಸು ಮುಗಿಯಿತು ಎಂದು ಹೇಳಿ ಕಾಫಿ ಕುಡಿದು ಹೋದ. ಪುಟ್ಟಮಾದಪ್ಪ ಯಾರಿಗೂ ಹೇಳದೆ ಇಂಜಿನ್ನನ್ನು ಬಿಚ್ಚಿ ಹರಡಿಕೊಂಡು ಕೂತ. ಮೂರನೆಯ ದಿನ ಬೆಳಿಗ್ಗೆ ಇಂಜಿನ್ನು ಕೆಮ್ಮಿ, ಹೊಗೆಯುಗುಳಿ, ಓಡತೊಡಗಿತು. ಕಾದು ಕೂತಿದ್ದವರೆಲ್ಲ "ಭಲೆ ಭಲೆ" ಎಂದು ಕೂಗಿದರು. ಮೈಯೆಲ್ಲ ಮಸಿಯಾಗಿದ್ದ ಹುಡುಗ ಅವರತ್ತ ನೋಡಲೇ ಇಲ್ಲ. ಅಪ್ಪನ ಮುಖವನ್ನೇ ನೋಡುತ್ತ ನಿಂತ.

ಸದಾಶಿವಪ್ಪನವರು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಅವರ ಗಂಟಲಿನ ಗಂಟು ಮೇಲೆ ಕೆಳಗೆ ಆಡಿದ್ದನ್ನು ಕಂಡವರಿದ್ದಾರೆ. ಏನೋ ಒಂದು ಮಾತು ಅಲ್ಲಿಯವರೆಗೆ ಬಂದಿತ್ತು. ಆದರೆ ಬಾಯಿ ತೆರೆದಾಗ ಹೊರಬಿದ್ದದ್ದೇ ಬೇರೆ.

"ಇಲ್ಲಿ ಎಣ್ಣೆ ಜಿನುಗ್ತಾ ಅದಲ್ಲೋ!"

ಪುಟ್ಟಮಾದಪ್ಪ ಕೈ ಒರೆಸಿಕೊಂಡ. ಒರೆಸಿದ ಬಟ್ಟೆಯನ್ನು ಮಡಿಸಿ ಮೂಟೆಯ ಮೇಲಿಟ್ಟ. ಆ ಮಧ್ಯಾಹ್ನದ ಬಸ್ಸಿಗೇ ಹನೂರಿಗೆ ಹೊರಟುಹೋದ. ಅಲ್ಲಿ ಸೋದರಮಾವನ ಮನೆಯ ಪಕ್ಕ ಒಂದು ಕೋಣೆ ಹಿಡಿದು ಪಂಪ್‌ಸೆಟ್ಟು ರಿಪೇರಿಗೆ ನಿಂತ. ತಾಯಿ ಚನ್ನಮಲ್ಲಮ್ಮ ಆಗಾಗ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದರು. ಮಗ ಮಾತ್ರ ಹಬ್ಬಕ್ಕೂ ಬರಲಿಲ್ಲ, ಅಪ್ಪನೂ ಕರೆಯಲಿಲ್ಲ.

ಅಂದಿನಿಂದ ಹನೂರಿನ ಕಡೆಯಿಂದ ಯಾರು ರಾಗಿ ತಂದರೂ ಸದಾಶಿವಪ್ಪನವರು ಅವರ ಮೂಟೆಯನ್ನೇ ಮೊದಲು ಬೀಸಿಸುತ್ತಿದ್ದರು.

"ಏನಪ್ಪ, ನಿಮ್ ಕಡೆ ಮಳೆ ಎಂಗೆ?"

"ಮಳೆ ಪರವಾಗಿಲ್ಲ. ನಿಮ್ ಮಗನೂ ಚೆನ್ನಾಗವ್ನೆ ಯಜಮಾನ್ರೆ."

"ನಾನು ಕೇಳಿದ್ದು ಮಳೆ!" ಎಂದು ಗದರಿ, ಮೂಟೆಯ ಬಾಯಿ ಬಿಚ್ಚುತ್ತ, "ಮಳೇಲಿ ನೆನೀತಾನೇನೋ ಮುಟ್ಠಾಳ?" ಎನ್ನುತ್ತಿದ್ದರು. ಉತ್ತರ ಸಾಲದೆ ಮತ್ತೆ ಮಳೆಯ ವಿಷಯಕ್ಕೇ ಬರುತ್ತಿದ್ದರು. ಮಿಲ್ಲಿನ ಹುಡುಗರ ಪ್ರಕಾರ ಹನೂರಿನ ಮಳೆಯ ಬಗ್ಗೆ ಸರ್ಕಾರಕ್ಕಿಂತ ಹೆಚ್ಚು ತಿಳಿದವರು ಇಡೀ ತಾಲ್ಲೂಕಿನಲ್ಲಿ ಅವರೊಬ್ಬರೇ.

ಹೀಗಿರುವಾಗ ಅರವತ್ತಾರನೇ ಇಸವಿಯಲ್ಲಿ ಊರಿನ ಶಾಲೆಯ ಹಾಲಿನಲ್ಲಿ ಒಂದು ಭಾಷಣ ಏರ್ಪಾಡಾಯಿತು. ವಿಷಯ: "ಯುವಜನರನ್ನು ಬೆಳೆಸುವಲ್ಲಿ ಹಿರಿಯರ ಹೊಣೆ". ಸದಾಶಿವಪ್ಪನವರು ಭಾಷಣಕ್ಕೆಂದು ಹೋದವರಲ್ಲ. ನಿಶ್ಚಿತಾರ್ಥವೊಂದರಿಂದ ಕೋಟು, ಪೇಟ ತೊಟ್ಟು ಬರುತ್ತಿದ್ದಾಗ ಹಾಲಿನ ಬಾಗಿಲಲ್ಲಿ ಕಟ್ಟಿದ್ದ ಮಾವಿನ ತೋರಣ ಓರೆಯಾಗಿರುವುದು ಕಂಡಿತು. ಹೇಳಿಹೋಗೋಣವೆಂದು ಒಳಗೆ ಕಾಲಿಟ್ಟರು. ಸಭೆಯ ಅಧ್ಯಕ್ಷರಾಗಬೇಕಿದ್ದ ದೊಡ್ಡ ಮನುಷ್ಯರ ಮುಖ ಏರ್ಪಾಡಿಗೆಂದು ಹೊರಗಿನಿಂದ ಬಂದಿದ್ದ ತರುಣರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರು ಕೋಟು, ಪೇಟ ಹಾಕುತ್ತಾರೆಂಬುದು ಮಾತ್ರ. ಸದಾಶಿವಪ್ಪನವರು ಬಾಯಿ ತೆರೆಯುವುದರೊಳಗೆ ಕೊರಳಿಗೆ ಹಾರ ಬಿತ್ತು. ತೋರಣದ ವಿಷಯ ಹಾರದೊಳಗೇ ಉಳಿಯಿತು. ಅವರನ್ನು ವೇದಿಕೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ನಿಜವಾದ ಅಧ್ಯಕ್ಷರು ತಡವಾಗಿ ಬಂದು, ವೇದಿಕೆಯ ಮೇಲೆ ಬೇರೆ ಕೋಟು ಕಂಡು, ಬೆಂಚಿನ ಕೊನೆಯಲ್ಲಿ ಕೂತು ನಿದ್ದೆ ಮಾಡಿದರು.

ಭಾಷಣಕ್ಕೆ ಬಂದಿದ್ದವರು ಕನ್ನಡಕದ ತರುಣ ಅಧಿಕಾರಿ. "ಗಿಡಕ್ಕೆ ನೀರೂ ಬೇಕು, ಕತ್ತರಿಯೂ ಬೇಕು" ಎಂದರು ಅವರು. "ಆದರೆ ನಾವು ಹಿರಿಯರು ಮಾಡುವುದೇನು? ಕತ್ತರಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಆಡಿಸುತ್ತೇವೆ. ನೀರು ಹಾಕಿದ್ದೇ ಇಲ್ಲ. ಆಮೇಲೆ ಗಿಡ ಒಣಗಿತು ಅಂತ ಗಿಡವನ್ನೇ ಬೈಯುತ್ತೇವೆ. ಒಂದು ತಪ್ಪು ತೋರಿಸುವ ಮೊದಲು ಮೂರು ಒಳ್ಳೆಯ ಮಾತು ಹೇಳಿ ನೋಡಿ. ಮಕ್ಕಳು ಎಲ್ಲಿದ್ದರೂ ಮನೆಗೆ ಓಡಿ ಬರುತ್ತಾರೆ."

ಕೊನೆಯ ವಾಕ್ಯಕ್ಕೆ ಅಧ್ಯಕ್ಷರ ಕೊರಳಿನ ಹಾರ ಅಲುಗಾಡಿತು.

"ಈಗ ಅಧ್ಯಕ್ಷರು ಎರಡು ಮಾತು ಆಡುತ್ತಾರೆ" ಎಂದು ಯಾರೋ ಕೂಗಿದರು. ಸದಾಶಿವಪ್ಪನವರು ಎದ್ದು ನಿಂತರು. ಎದುರಿಗೆ ಇಡೀ ಪೇಟೆಯೇ ಕೂತಿತ್ತು. ಕೂತವರಲ್ಲಿ ಅವರಿಂದ ಒಂದು ಸಲವಾದರೂ ಬೈಸಿಕೊಳ್ಳದವನು ಒಬ್ಬನೂ ಇರಲಿಲ್ಲ. ಮೈಕಿಗೆ ಬಾಯಿಟ್ಟು, ಮಿಲ್ಲಿನ ದನಿಯಲ್ಲೇ ಅವರು ಘೋಷಿಸಿದರು:

"ನಮ್ಮ ಮನೇಲಿ ಮೊದಲಿಂದ್ಲೂ ಇದೇ ಪದ್ಧತಿ!"

ಮೈಕು ಕಿರುಚಿತು. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಅವರಿಂದ ಮುಂದಿನವರಿಗೆ ಹತ್ತಿ, ನಗು ವೇದಿಕೆಯವರೆಗೂ ಬಂತು. ಊರಿಗೆ ಹೊಸಬರಾಗಿದ್ದ ಅಧಿಕಾರಿಗಳು ಅದನ್ನು ಜನರ ಸಂತೋಷವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಅವಮಾನವಾಯಿತೆಂದು ಸದಾಶಿವಪ್ಪನವರು ಮನೆಗೆ ಬಂದು ಮುಸುಕು ಹಾಕಿ ಮಲಗಲಿಲ್ಲ. ಒಂದು ತೀರ್ಮಾನಕ್ಕೆ ಬಂದರು. ಮುಂದಿನ ಸೋಮವಾರ ಮಿಲ್ಲಿಗೆ ರಜ. ಅಂದು ಹನೂರಿಗೆ ಹೋಗುವುದು. ಮಗನಿಗೆ ಮೂರು ಒಳ್ಳೆಯ ಮಾತು ಹೇಳುವುದು. ಆದರೆ ಎಂದೂ ಆಡದ ಮಾತು ನಾಲಗೆಯ ಮೇಲೆ ಒಮ್ಮೆಗೇ ಹೊರಳುವುದಿಲ್ಲ. ಅಷ್ಟರಲ್ಲಿ ಊರಿನಲ್ಲೇ ಅಭ್ಯಾಸ ಮಾಡಿಕೊಳ್ಳಬೇಕು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಮೊದಲ ಪ್ರಯೋಗ ಮಿಲ್ಲಿನ ಕೆಲಸದ ಕೆಂಚಯ್ಯನ ಮೇಲೆ ನಡೆಯಿತು. ಕೆಂಚಯ್ಯ ಹೊಸದಾಗಿ ಮದುವೆಯಾದವನು, ಬಲವಾದ ಆಳು. ದಿನವೂ ಬೆಳಿಗ್ಗೆ ನೆಲ ಗುಡಿಸುವಾಗ ಬೈಸಿಕೊಂಡು, ಆಮೇಲೆ ನಿರಾಳವಾಗಿ ಬೀಡಿ ಹಚ್ಚುವುದು ಅವನ ಕ್ರಮ.

"ಕೆಂಚಯ್ಯ!" ಎಂದು ಗುಡುಗಿದರು ಸದಾಶಿವಪ್ಪನವರು. "ನೆಲ ಚೆನ್ನಾಗಿ ಗುಡಿಸಿದ್ದೀಯ! ಮೂಟೆ ಚೆನ್ನಾಗಿ ಜೋಡಿಸಿದ್ದೀಯ! ನೀನು ಒಳ್ಳೇ ಆಳು!"

ಕೆಂಚಯ್ಯನ ಕೈಯಿಂದ ಪೊರಕೆ ಬಿತ್ತು. "ಯಜಮಾನ್ರೆ, ನಾನೇನ್ ತಪ್ ಮಾಡ್ದೆ?"

"ತಪ್ಪೇನೂ ಮಾಡಿಲ್ಲ ಕಣ್ಲಾ! ಒಳ್ಳೇದು ಮಾಡಿದ್ದೀಯ ಅಂತ ಏಳ್ತಾ ಇವ್ನಿ!"

"ಕೆಲ್ಸದಿಂದ ಬುಡುಸ್ಬೇಡಿ ಬುದ್ದಿ. ಎಡ್ತಿ ಬಸುರಿ. ಬಯ್ಯಂಗಿದ್ರೆ ಬಯ್ದುಬುಡಿ, ಹಿಂಗೆ ಸುತ್ತಿ ಬಳಸಿ ಬ್ಯಾಡ" ಎಂದು ಅವನು ಕಾಲಿಗೆ ಬಿದ್ದ. ಕಾಲು ಬಿಡಿಸಿಕೊಳ್ಳಲು ಸದಾಶಿವಪ್ಪನವರು "ಏಳ್ಲಾ ಮಂಕೆ!" ಎಂದು ಗದರಬೇಕಾಯಿತು. ಕೆಂಚಯ್ಯ ಆಗ ಸ್ವಲ್ಪ ಸಮಾಧಾನಗೊಂಡ. ಆದರೂ ಅಂದು ಬೀಡಿ ಸೇದಲಿಲ್ಲ.

ದನಿ ದೊಡ್ಡದಾದದ್ದೇ ತಪ್ಪಾಯಿತೆಂದು ಸದಾಶಿವಪ್ಪನವರಿಗೆ ಅನ್ನಿಸಿತು. ಮಧ್ಯಾಹ್ನ ಊಟಕ್ಕೆ ಕೂತಾಗ, ಮುದ್ದೆಯನ್ನು ಉಪ್ಪೆಸರಿನಲ್ಲಿ ಅದ್ದಿ ನುಂಗಿ, ದನಿಯನ್ನು ಆದಷ್ಟೂ ತಗ್ಗಿಸಿ, ಹೆಂಡತಿಯತ್ತ ಬಾಗಿ ಹೇಳಿದರು:

"ಸಾರು... ಚೆನ್ನಾಗದೆ."

ಚನ್ನಮಲ್ಲಮ್ಮನವರು ಸೌಟನ್ನು ಹಾಗೇ ಹಿಡಿದು ನಿಂತರು. ಆ ಮನೆಗೆ ಬಂದಾಗಿನಿಂದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಹುಳಿ ಕಮ್ಮಿಯಾಗಿತ್ತು, ಕಾಳು ಬೇಯದೆ ಹೋಗಿತ್ತು. ಚೆನ್ನಾಗಿದ್ದದ್ದು ಇದೇ ಮೊದಲು. ಅದೂ ಪಿಸುದನಿಯಲ್ಲಿ. ಅವರು ಸೌಟು ಕೆಳಗಿಟ್ಟು ಗಂಡನ ಹಣೆ ಮುಟ್ಟಿದರು.

"ಯಾಕ್ರೀ, ಮೈಗೆ ಸರಿ ಇಲ್ವಾ? ಗಂಟಲು ಬಿದ್ದೋಗದಲ್ಲ!"

"ಸರಿಯಾಗಿವ್ನಿ. ನಿನ್ನ ಕೈ ರುಚಿ ಚೆನ್ನಾಗದೆ. ನೀನೂ ಚೆನ್ನಾಗಿದ್ದೀಯ."

ಚನ್ನಮಲ್ಲಮ್ಮನವರು ಬೀದಿ ಬಾಗಿಲಿನಿಂದ ನೇರ ರಾಮಮ್ಮನ ಮನೆಗೆ ಓಡಿದರು.

ರಾಮಮ್ಮ ಎಲ್ಲವನ್ನೂ ಕೇಳಿ, ಎಲೆಯಡಿಕೆಯನ್ನು ಬಾಯಿಯ ಒಂದು ಮೂಲೆಗೆ ಸರಿಸಿದಳು. ಸಾವು ನೋವಿನ ವಿಷಯದಲ್ಲಿ ಆ ಬೀದಿಗೆಲ್ಲ ಅವಳೇ ಪ್ರಮಾಣ. "ಅಕ್ಕ, ಏಳಬಾರದು, ಆದ್ರೂ ಏಳ್ತೀನಿ. ನಮ್ ಮಾವ ಹುಲಿ ಇದ್ದಂಗಿದ್ರು. ಒಂದಿನ ಇದ್ದಕ್ಕಿದ್ದಂಗೆ ನನ್ನ ಕರ್ದು, 'ಅವ್ವ, ನೀನು ಲಕ್ಷ್ಮಿ ಕಣವ್ವ' ಅಂದ್ರು. ಆ ವಾರ ದಾಟ್ನಿಲ್ಲ. ಗಂಡಸ್ರು ಒಳ್ಳೆ ಮಾತಾಡಕೆ ಶುರು ಮಾಡುದ್ರೆ ಮೇಲಿಂದ ಕರೆ ಬಂತು ಅಂತ್ಲೇ ಅರ್ಥ."

ಸಂಜೆಗೆ ಕೆಂಚಯ್ಯನ ಸಾಕ್ಷಿಯೂ ಸೇರಿ ರೋಗ ಖಚಿತವಾಯಿತು. ಮಾರನೆಯ ದಿನ ಚನ್ನಮಲ್ಲಮ್ಮನವರು ಗಂಡನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಮೊದಲು ನಕ್ಕರು. "ಸಾರು ಚೆನ್ನಾಗಿದೆ ಅನ್ನೋದು ಯಾವ ಕಾಯಿಲೆಯಮ್ಮ?" ಎಂದು ಎದೆಗೆ ಕೊಳವೆಯಿಟ್ಟು ಪರೀಕ್ಷಿಸಿ, "ಏನೂ ಇಲ್ಲ, ಶಕ್ತಿಗೆ ಒಂದು ಇಂಜೆಕ್ಷನ್ ಸಾಕು" ಎಂದರು. ಹೊಸದಾಗಿ ಸೇರಿದ್ದ ತರುಣ ಕಾಂಪೌಂಡರು ಸೂಜಿ ಚುಚ್ಚಿದ. ಒಮ್ಮೆಗೆ ಸರಿಯಾಗಿ ಇಳಿಯದೆ ಮತ್ತೊಮ್ಮೆ ಚುಚ್ಚಿದ.

ಸದಾಶಿವಪ್ಪನವರ ಕಣ್ಣಲ್ಲಿ ನೀರು ಬಂತು. ಅವಕಾಶವನ್ನು ಮಾತ್ರ ಅವರು ಬಿಡಲಿಲ್ಲ. "ಎಷ್ಟು ನಯವಾಗಿ ಚುಚ್ಚಿದೆಯಪ್ಪ. ನಿನ್ನ ಕೈಗುಣ ದೊಡ್ಡದು. ಮುಂದಕ್ಕೆ ಬತ್ತೀಯ" ಎಂದರು.

ಡಾಕ್ಟರ ನಗು ನಿಂತಿತು. ಹಿಂದಿನ ಸಲ ಇದೇ ರೋಗಿ ಸೂಜಿ ಮೊಂಡು, ಬೆಂಚು ಗಿಡ್ಡ, ಔಷಧಿ ನೀರು ಎಂದು ಮೂರು ಬೀದಿಗೆ ಕೇಳುವಂತೆ ಹೇಳಿ ಹೋಗಿದ್ದರು. ಅವರು ಮತ್ತೊಮ್ಮೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, "ಯಾವುದಕ್ಕೂ ಒಂದು ವಾರ ಮಲಗಿರಲಿ. ಹೊರಗೆ ಬಿಡಬೇಡಿ" ಎಂದರು.

"ಡಾಕ್ಟ್ರೇ ಕೈ ಬುಟ್ರು" ಎಂದಳು ರಾಮಮ್ಮ ಬೀದಿಗೆ.

ಸದಾಶಿವಪ್ಪನವರನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದರು. "ಸೋಮವಾರ ನಾನು ಹನೂರಿಗೆ ಓಗ್ಬೇಕು" ಎಂದರೆ ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಯಾಕೆ ಹೋಗಬೇಕೆಂದು ಹೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಗನ ನೆನಪಾಗುತ್ತದೆ ಎಂಬ ಮಾತನ್ನು ಬಾಯಿಬಿಟ್ಟು ಆಡುವುದಕ್ಕಿಂತ ಸಾಯುವುದೇ ಅವರಿಗೆ ಸುಲಭವಾಗಿ ಕಂಡಿತು.

ಸುದ್ದಿ ಬಸ್ಸು ಹತ್ತಿತು. ಬಸ್ಸು ಹತ್ತಿದ ಸುದ್ದಿ ಪ್ರತಿ ನಿಲ್ದಾಣದಲ್ಲೂ ಸ್ವಲ್ಪ ಸ್ವಲ್ಪ ಸಾಮಾನು ಏರಿಸಿಕೊಳ್ಳುತ್ತದೆ. ಕೊಳ್ಳೇಗಾಲದಲ್ಲಿ ಹೊರಟಾಗ ಸದಾಶಿವಪ್ಪನವರು ಸಾರನ್ನು ಹೊಗಳಿದ್ದರು. ಮಧುವನಹಳ್ಳಿಯಲ್ಲಿ ಅವರು ಕಂಡಕಂಡವರನ್ನೆಲ್ಲ ಹೊಗಳುತ್ತಿದ್ದರು. ಕಾಮಗೆರೆ ದಾಟುವಾಗ ಅವರಿಗೆ ಯಾರ ಗುರುತೂ ಸಿಕ್ಕುತ್ತಿರಲಿಲ್ಲ. ಹನೂರಿಗೆ ತಲುಪಿದಾಗ ಬಾಯಿಗೆ ನೀರು ಬಿಡುವುದಷ್ಟೇ ಬಾಕಿ ಇತ್ತು.

ಯಳಂದೂರಿನ ಕಡೆಗೆ ಹೋದ ಸುದ್ದಿಯೂ ಹೀಗೇ ಬೆಳೆದು ತಂಗಿ ದೊಡ್ಡಬಸಮ್ಮನನ್ನು ಮುಟ್ಟಿತು. ಆಕೆ ಯಳಂದೂರಿನಲ್ಲಿ ಅಳಲು ಶುರುಮಾಡಿ, ಮಾಂಬಳ್ಳಿಯಲ್ಲಿ ಬಸ್ಸು ನಿಂತಾಗ ಕಾಫಿ ಕುಡಿದು, ಅಲ್ಲಿಂದ ಮುಂದುವರಿಸಿ, ಕೊಳ್ಳೇಗಾಲದ ಬೀದಿಯ ತುದಿಯಲ್ಲಿ ತಾರಕಕ್ಕೆ ಏರಿಸಿದಳು. ಹಿಂದೆಯೇ ಮಕ್ಕಳು, ಮೊಮ್ಮಕ್ಕಳು, ಬೀಗರು. ಸೋಮವಾರ ಬೆಳಿಗ್ಗೆಗೆ ಮನೆ ತುಂಬಿತು. ಯಾರೋ ಕೊನೆಯ ವಿಭೂತಿ ಇಡಿಸಲು ಮಠದ ಅಯ್ಯನವರನ್ನೂ ಕರೆತಂದರು. ಅವರು ವಿಭೂತಿ ಗಟ್ಟಿ ಇಟ್ಟುಕೊಂಡು ಒಂದು ಕಂಬಕ್ಕೆ ಒರಗಿ ಕೂತರು.

"ಅಣ್ಣಾ" ಎಂದು ದೊಡ್ಡಬಸಮ್ಮ ಚಾಪೆಯ ಪಕ್ಕ ಕುಸಿದಳು. "ಎಲ್ಲಾರ್ಗೂ ಒಳ್ಳೆ ಮಾತು ಏಳ್ತಾ ಇದ್ದೀಯಂತೆ. ಒಡಹುಟ್ಟಿದೋಳು ನಾನು. ನಂಗೂ ಒಂದು ಏಳ್ಬುಡಣ್ಣ."

ಸದಾಶಿವಪ್ಪನವರು ಯೋಚಿಸಿದರು. ಅಭ್ಯಾಸ ಬಿಡಬಾರದು. "ನಿನ್ನ ಗಂಟಲು ಚೆನ್ನಾಗದೆ ಕಣವ್ವ. ನೀನು ಮಾಂಬಳ್ಳೀಲಿ ಅತ್ರೂ ಇಲ್ಲಿಗೆ ಕೇಳ್ತದೆ."

"ಅಯ್ಯೋ! ನನ್ನಣ್ಣ ನನ್ನ ಒಗಳುಬುಟ್ಟ! ಇನ್ನೆಲ್ಲಿ ಉಳುದಾನು!" ಎಂದು ಆಕೆ ಆ ಹೊಗಳಿಕೆಗೆ ಅರ್ಹಳೆಂದು ತೋರಿಸಿಕೊಟ್ಟಳು.

ಆಮೇಲೆ ಸಾಲೇ ನಿಂತಿತು. ಸಾಯುವವರ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲವಂತೆ. ತಂಗಿಯ ದೊಡ್ಡ ಮಗಳು ತನ್ನ ರೊಟ್ಟಿಯ ಬಗ್ಗೆ ಕೇಳಿ ಹೇಳಿಸಿಕೊಂಡಳು. ತಂಗಿಯ ಅಳಿಯ ತನ್ನ ಸ್ವಭಾವದ ಬಗ್ಗೆ ಹೆಂಡತಿಗೆ ಕೇಳಿಸುವಂತೆ ಹೇಳಿಸಿಕೊಂಡ. ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಫೇಲಾಗಿದ್ದ ತರುಣನೊಬ್ಬ "ಮಾವ, ನಾನು ಪಾಸಾಗ್ತೀನಿ ಅನ್ನಿ" ಎಂದು ಕೈಹಿಡಿದು ಕೇಳಿದ. ಸದಾಶಿವಪ್ಪನವರು ಎಲ್ಲರಿಗೂ ಹಂಚಿದರು. ಆದರೆ ಅವರ ಕಣ್ಣಿನ ಕಷ್ಟ ಅವರಿಗೇ ಗೊತ್ತು. ಗೋಡೆಯ ಮೇಲಿನ ಪಟ ಸೊಟ್ಟಗಿತ್ತು. ಯಾರೋ ಒದ್ದೆ ಪಂಚೆಯನ್ನು ರಾಗಿ ಮೂಟೆಯ ಮೇಲೆ ಹರಡಿದ್ದರು. ತಂಗಿಯ ಮೊಮ್ಮಗುವೊಂದು ಚಪ್ಪಲಿಯನ್ನು ನೀರಿನ ಹಂಡೆಗೆ ಬಿಡುತ್ತಿತ್ತು. ಇದನ್ನೆಲ್ಲ ನೋಡುತ್ತ ಬಾಯಿ ಮುಚ್ಚಿಕೊಂಡಿರುವ ಪ್ರಯತ್ನಕ್ಕೆ ಅವರ ಮೈ ಬೆವರಿ ತೊಪ್ಪೆಯಾಯಿತು.

"ಬೆವರು ಕಿತ್ಕಂತು" ಎಂದು ರಾಮಮ್ಮ ಪಿಸುಗುಟ್ಟಿದಳು. ಅಯ್ಯನವರು ಕಂಬ ಬಿಟ್ಟು ನೆಟ್ಟಗೆ ಕೂತರು.

ಅಷ್ಟರಲ್ಲಿ ಬಾಗಿಲಿನ ಬಳಿ ಗದ್ದಲ ಕರಗಿತು. ಜನ ದಾರಿ ಬಿಟ್ಟರು. ಹೊಸ್ತಿಲಿನ ಆಚೆ ಪುಟ್ಟಮಾದಪ್ಪ ನಿಂತಿದ್ದ. ಕೆಲಸದ ನಡುವೆ ಎದ್ದು ಬಂದವನ ಕೈಗಳಲ್ಲಿ ಗ್ರೀಸು, ಮುಖದಲ್ಲಿ ಬಸ್ಸಿನ ಧೂಳು. ಅಷ್ಟು ದಿನ ಕಾಣದ ಮಗ ತುಸು ಸೊರಗಿದ್ದ, ತುಸು ಎತ್ತರವಾಗಿದ್ದ.

ಸದಾಶಿವಪ್ಪನವರು ಚಾಪೆಯಿಂದ ಎದ್ದು ಕೂತರು. ನಾಲಗೆಯ ಮೇಲೆ ತಿರುವಿ ತಿರುವಿ ಹದಮಾಡಿದ್ದ ಮೂರು ಮಾತುಗಳೂ ಒಮ್ಮೆಗೇ ಗಂಟಲಿಗೆ ಬಂದು ಸಿಕ್ಕಿಕೊಂಡವು.

"ಬಂದ್ಯಾ?"

"ಬಂದೆ."

"ಪುಟ್ಟಮಾದು..." ದನಿ ಒಡೆಯಿತು. "ನೀನು... ನಿನ್ನ ಕೈ..."

ಮಗನ ಮುಖದ ರಕ್ತ ಇಳಿಯಿತು. "ಬ್ಯಾಡಪ್ಪ" ಎಂದು ಅವನು ಹೊಸ್ತಿಲಿನಿಂದಲೇ ಎರಡು ಕೈ ಮುಂದೆ ಚಾಚಿದ. "ನನ್ನ ಒಗಳ್ಬೇಡ. ಕೈ ಮುಗೀತೀನಿ. ನೀನು ನನ್ನ ಒಗಳುದ್ರೆ ನಾನು ತಡ್ಕಳಲ್ಲ. ಬಯ್ಯಪ್ಪ. ಏನಾರ ಬಯ್ಯಿ."

ಸದಾಶಿವಪ್ಪನವರು ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತೋ. ನೋಡುತ್ತ ನೋಡುತ್ತ ಕಣ್ಣು ತನ್ನ ಹಳೆಯ ಜಾಗ ಹುಡುಕಿಕೊಂಡು ಹೋಗಿ ಕೂತಿತು.

"ಲೇ ದಡ್ಡಮುಂಡೇದೇ!" ಹೆಂಚಿನ ಸಂದಿಯ ಗುಬ್ಬಿಗಳು ಬುರ್ರೆಂದು ಎದ್ದವು. "ಅಂಗಿ ಗುಂಡಿ ಮ್ಯಾಲೆ ಕೆಳಗೆ ಆಕ್ಕಂಡಿದ್ದೀಯಲ್ಲೋ! ಹನೂರಿಂದ ಹಿಂಗೇ ಬಂದ್ಯಾ? ಬಸ್ಸಲ್ಲಿ ಮನುಷ್ಯರು ಇರ್ನಿಲ್ವಾ?"



"ಉಳ್ಕಂಡ್ರು!" ಎಂದು ರಾಮಮ್ಮ ಕಿರುಚಿದಳು.

ಮನೆಯೇ ಎದ್ದು ನಿಂತಿತು. ಚನ್ನಮಲ್ಲಮ್ಮನವರು ಅಳುತ್ತ ನಗುತ್ತ ದೇವರ ಮುಂದೆ ದೀಪ ಹಚ್ಚಲು ಓಡಿದರು. "ಬೆಟ್ಟದ ಮಾದಪ್ಪಾ, ಕಾಪಾಡ್ದೆಯಪ್ಪ!" ಎಂದು ದೊಡ್ಡಬಸಮ್ಮ ಅದೇ ರಾಗದಲ್ಲಿ ಅಳುತ್ತಲೇ ಇದ್ದಳು, ವೇಗಕ್ಕೆ ಬಿದ್ದ ಗಾಡಿ ತಟ್ಟನೆ ನಿಲ್ಲುವುದಿಲ್ಲ. ತಡೆ ಒಡೆದ ಸದಾಶಿವಪ್ಪನವರು ಒಂದು ವಾರದ ಬಾಕಿಯನ್ನೆಲ್ಲ ತೀರಿಸತೊಡಗಿದರು. ಪಟ ಸೊಟ್ಟಗಿರುವುದನ್ನು ಹೇಳಿದರು. ಪಂಚೆ ಹರಡಿದವನ ಜನ್ಮ ಜಾಲಾಡಿದರು. ತಂಗಿಯ ಮಗಳ ರೊಟ್ಟಿ ಚರ್ಮದಂತಿದೆಯೆಂದರು. ಪರೀಕ್ಷೆಯ ತರುಣನಿಗೆ ಅವನ ಭವಿಷ್ಯವನ್ನು ಇದ್ದಂತೆ ತಿಳಿಸಿದರು. ಬೈಸಿಕೊಂಡವರೆಲ್ಲ ಪ್ರಸಾದ ಸಿಕ್ಕಿದವರಂತೆ ಕಣ್ಣೊರೆಸಿಕೊಂಡು ನಗುತ್ತಿದ್ದರು. ಕೆಂಚಯ್ಯ ಗುಂಪಿನಲ್ಲಿ ನುಗ್ಗಿ ಬಂದು, "ಯಜಮಾನ್ರೆ, ನಂಗೆ?" ಎಂದ. ಅವನಿಗೂ ಸಿಕ್ಕಿತು. ಹೊರಗೆ ಹೋಗಿ ನೆಮ್ಮದಿಯಾಗಿ ಬೀಡಿ ಹಚ್ಚಿದ. ಅಯ್ಯನವರು ಮಾತ್ರ ವಿಭೂತಿಯನ್ನು ಚೀಲಕ್ಕೆ ಹಾಕಿಕೊಂಡು, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು.

ಪುಟ್ಟಮಾದಪ್ಪ ಹೊಸ್ತಿಲ ಮೇಲೇ ಕೂತು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿಕೊಳ್ಳುತ್ತಿದ್ದ. ಗ್ರೀಸು ಮೆತ್ತಿದ ಬೆರಳು ಜಾರಿ ಬಹಳ ಹೊತ್ತು ಹಿಡಿಯಿತು.

ಊಟವಾಗಿ ನೆಂಟರೆಲ್ಲ ಜಗಲಿಯಲ್ಲಿ ಎಲೆಯಡಿಕೆಗೆ ಕೂತಾಗ, ಮಗ ಅಡಿಗೆಮನೆಯಲ್ಲಿ ತಾಯಿಯ ಹತ್ತಿರ ಕೂತ. ಸದಾಶಿವಪ್ಪನವರು ನಡುಮನೆಯಲ್ಲಿ ಗೋಡೆಯ ಈಚೆ, ನಿದ್ದೆ ಬಂದವರಂತೆ ಮಲಗಿದ್ದರು.

"ಇಲ್ಲೇ ಇದ್ಬುಡು ಮಗ" ಎಂದರು ಚನ್ನಮಲ್ಲಮ್ಮನವರು.

"ಆಗಲ್ಲ ಕಣವ್ವ. ಕೌದಳ್ಳೀಲಿ ಒಬ್ರ ಬಾವಿ ಪಂಪು ಬಿಚ್ಚಿ ಮಡಗಿ ಬಂದಿವ್ನಿ. ಗದ್ದೆಗೆ ನೀರಿಲ್ದೆ ಪೈರು ನಿಂತದೆ. ಸಂಜೆ ಬಸ್ಸಿಗೇ ಓಯ್ತೀನಿ. ಬೇರೆ ಯಾರೂ ಅದನ್ನ ಮುಟ್ಟಕೆ ಒಪ್ಪನಿಲ್ಲ. ನೀನೇ ಆಗ್ಬೇಕು ಅಂತ ಹುಡ್ಕಂಡು ಬಂದ್ರು."

ತಾಯಿ ಮಜ್ಜಿಗೆ ಬಗ್ಗಿಸಿದ ಸದ್ದು. ಮಗ ಕೇಳಿದ:

"ಅವ್ವ, ಅಪ್ಪ ಎಲ್ಲಾರ್ನೂ ಒಗಳುದ್ರಂತಲ್ಲ. ಕೆಂಚಯ್ಯನ್ನೂ ಒಗಳುದ್ರಂತೆ."

"ಊ ಕಣಪ್ಪ."

"ನಾನು ಬರಕ್ ಮುಂಚೆ... ನನ್ನ ವಿಚಾರವಾಗಿ ಏನಾರ ಅಂದ್ರಾ?"

ಚನ್ನಮಲ್ಲಮ್ಮನವರು ಮಜ್ಜಿಗೆಯ ಗಡಿಗೆಯ ಬಾಯಿ ಮುಚ್ಚಿದರು. "ನೀನು ಇಲ್ಲಿ ಇರ್ನಿಲ್ವಲ್ಲ ಮಗ" ಎಂದರು.

"ಊ. ಇರ್ನಿಲ್ಲ" ಎಂದು ಪುಟ್ಟಮಾದಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ.

ಗೋಡೆಯ ಈಚೆ ಸದಾಶಿವಪ್ಪನವರು ಮಗ್ಗುಲಾದರು.

ಸಂಜೆ ಮಗ ಚೀಲ ಹಿಡಿದು ಹೊರಟಾಗ, ಡಾಕ್ಟರ ಅಪ್ಪಣೆಯನ್ನೂ ಹೆಂಡತಿಯ ಕಣ್ಣೀರನ್ನೂ ಲೆಕ್ಕಿಸದೆ ಅವರೂ ಚಪ್ಪಲಿ ಮೆಟ್ಟಿದರು. ಬಸ್‌ಸ್ಟ್ಯಾಂಡಿನವರೆಗೆ ಅಪ್ಪ ಮಗ ಜೊತೆಯಾಗಿ ನಡೆದರು. ದಾರಿಯಲ್ಲಿ ಅಪ್ಪ ಆಡಿದ್ದು ಎರಡೇ ಮಾತು. ಚೀಲವನ್ನು ಬಲಗೈಯಲ್ಲಿ ಹಿಡಿಯಬಾರದು ಎಂದದ್ದು ಒಂದು. ಬಲಗೈಗೇ ಬದಲಾಯಿಸಿಕೋ ಎಂದದ್ದು ಇನ್ನೊಂದು.

ಹನೂರು, ಕೌದಳ್ಳಿಯ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಸಿದ್ಧವಾಗಿತ್ತು. ಪುಟ್ಟಮಾದಪ್ಪ ಹತ್ತಿ ಕಿಟಕಿಯ ಪಕ್ಕ ಕೂತ. ಅಪ್ಪ ಕಿಟಕಿಯ ಕೆಳಗೆ ನಿಂತರು. ನಡುವೆ ಒಂದು ಮೊಳ ಜಾಗ. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಸರಸರನೆ ಬಸ್ಸಿನ ಬಾಗಿಲಿಗೆ ಹೋಗಿ, ಅಲ್ಲಿ ಟಿಕೀಟು ಹರಿಯುತ್ತಿದ್ದ ಕಂಡಕ್ಟರು ಚಿಕ್ಕಮಾದಯ್ಯನ ತೋಳು ಹಿಡಿದರು.

"ಏನಯ್ಯಾ, ಅಲ್ಲಿ ಕೂತವ್ನಲ್ಲ, ಅವನು ನನ್ನ ಮಗ!"

"ಗೊತ್ತು ಸಾ."

"ಗೊತ್ತಿದ್ರೂ ಕೇಳು! ಮೈಸೂರಿನೋನು ಆಗಲ್ಲ ಅಂತ ಕೈಚೆಲ್ದ ಇಂಜಿನ್ನು, ಇವನು ಕುಂತು ಓಡುಸ್ಬುಟ್ಟ! ಇವತ್ತಿಗೂ ಓಡ್ತಾ ಅದೆ!"

ಕಡಲೆಕಾಯಿ ಮಾರುತ್ತಿದ್ದವಳು ಕೂಗುವುದನ್ನು ನಿಲ್ಲಿಸಿದಳು. ಪುಟ್ಟಮಾದಪ್ಪ ಮುಖವನ್ನು ಆಚೆ ಕಿಟಕಿಯ ಕಡೆಗೆ ತಿರುಗಿಸಿಕೊಂಡ.

"ಆಯ್ತು ಸಾ, ಸಂತೋಷ. ರೈಟ್ ಅನ್ಲಾ?"

"ತಡ್ಕೋ! ಇಂಥಾ ಕೈ ನಮ್ ವಂಸದಲ್ಲೇ ಯಾರ್ಗೂ ಇರ್ನಿಲ್ಲ ಕಣಯ್ಯ! ನಮ್ಮಪ್ಪನ್ಗೂ ಇರ್ನಿಲ್ಲ, ನಂಗಂತೂ ಇಲ್ವೇ ಇಲ್ಲ! ಕೌದಳ್ಳೀಲಿ ಹುಡ್ಕಂಡು ಬಂದು ಕರೀತಾರೆ! ನೀನೇ ಆಗ್ಬೇಕು ಅಂತಾರೆ!" ಬೆವರು ಒರೆಸಿಕೊಂಡರು. "ಯಾವಾಗ ಬತ್ತಾನೆ ಕೇಳು."

ಚಿಕ್ಕಮಾದಯ್ಯ ಹಿಂದೆ ತಿರುಗಿ, "ಯಾವಾಗ ಬತ್ತೀರಾ ಅಂತ ಕೇಳ್ತಾವ್ರೆ" ಎಂದ.

"ಪಂಪು ಕೂರ್ಸಿದ್ ಮ್ಯಾಲೆ ಅನ್ನಿ" ಎಂದಿತು ಆಚೆ ಕಿಟಕಿಯ ಕಡೆಯಿಂದ ಒದ್ದೆ ದನಿ.

"ಪಂಪು ಕೂರ್ಸಿದ್ ಮ್ಯಾಲಂತೆ ಸಾ."

"ಅದು ಯಾವಾಗ ಕೂರ್ತದೆ ಕೇಳು!"

"ಸಾ, ಗಾಡಿ ಲೇಟಾಯ್ತದೆ ಸಾ!"

"ನೀನು ಕೇಳಯ್ಯ!"

"ಮುಂದ್ಲ ವಾರ ಬತ್ತೀನಿ ಅನ್ನಿ" ಎಂದ ಪುಟ್ಟಮಾದಪ್ಪ. ಕಂಡಕ್ಟರು ಅದನ್ನು ತಲುಪಿಸುವ ಮೊದಲೇ, ಈಚೆ ತಿರುಗಿ, ಕಿಟಕಿಯ ಸರಳು ಹಿಡಿದು ಅಪ್ಪನನ್ನು ನೋಡಿದ. ಅಷ್ಟರಲ್ಲಿ ಬಸ್ಸು ಹೊರಟಿತು. ಸದಾಶಿವಪ್ಪನವರು ಅದರ ಜೊತೆ ನಾಲ್ಕು ಹೆಜ್ಜೆ ಓಡಿದರು, ಇನ್ನೂ ಏನೋ ಕೂಗಿದರು. ಅದೊಂದು ಮಾತು ಮಾತ್ರ ಬಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಧೂಳು ನಿಧಾನವಾಗಿ ಇಳಿಯಿತು. ಕಡಲೆಕಾಯಿಯವಳು ಮತ್ತೆ ಕೂಗತೊಡಗಿದಳು. ಸದಾಶಿವಪ್ಪನವರು ಮನೆಯ ಕಡೆ ತಿರುಗಿದರು. ಆಗ ಹನೂರಿನ ಕಡೆಯಿಂದ ಬಸ್ಸೊಂದು ಬಂದು ನಿಂತಿತು. ಮಗ ಈಗ ತಾನೇ ಆ ಕಡೆಗೆ ಹೋದದ್ದು ಅವರಿಗೆ ಗೊತ್ತಿತ್ತು. ಆದರೂ ಅವರು ನಿಂತು, ಅದರ ಕಿಟಕಿಗಳನ್ನು ಮುಂದಿನಿಂದ ಹಿಂದಿನವರೆಗೆ ಒಂದೊಂದಾಗಿ ನೋಡಿದರು. ಎಲ್ಲರೂ ಇಳಿದು ಹೋಗಿ ಬಸ್ಸು ಖಾಲಿಯಾಗುವವರೆಗೂ ನೋಡುತ್ತಲೇ ಇದ್ದರು.